ಲೆಕ್ಕದ ಮಾಸ್ತರನ ನೆಲಮಾಳಿಗೆ

ನನ್ನ ತಮ್ಮ ಪಂಚಾಕ್ಷರಿ ಇಪ್ಪತ್ತೆಂಟು ವರ್ಷ ಗದಗದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕುಳಿತು ಊರುಗಳ ಹೆಸರು ಕೂಗಿದವನು. ಮುಂಡರಗಿ, ರೋಣ, ನರಗುಂದ, ಲಕ್ಷ್ಮೇಶ್ವರ. ಅವನ ಬಾಯಲ್ಲಿ ಮುಂಡರಗಿ ಇರುವುದಕ್ಕಿಂತ ದೊಡ್ಡ ಊರಾಗಿ ಕೇಳಿಸುತ್ತಿತ್ತು. ಒಂದು ದಿನ ಬೆಳಿಗ್ಗೆ ಹತ್ತೂವರೆಗೆ ‘ಹುಬ್ಬಳ್ಳಿಗೆ ಹೋಗುವ’ ಎಂದವನು ಮುಂದಿನ ಮಾತು ಹೇಳಲೇ ಇಲ್ಲ. ಮೈಕು ಕೆಟ್ಟಿತೆಂದು ಜನ ತಿಳಿದರು. ಕೆಟ್ಟದ್ದು ಅವನ ಮಿದುಳಿನ ಎಡಭಾಗದ ಒಂದು ರಕ್ತನಾಳ.

ಜೀವ ಉಳಿಯಿತು. ನಡಿಗೆ ಮೂರು ತಿಂಗಳಲ್ಲಿ ನೆಟ್ಟಗಾಯಿತು, ಬಲಗೈ ಅರ್ಧಂಬರ್ಧ ಬಂತು. ಮಾತು ಮಾತ್ರ ಹೋದದ್ದು ಹೋಯಿತು. ನಾವು ಹೇಳಿದ್ದೆಲ್ಲ ಅವನಿಗೆ ತಿಳಿಯುತ್ತಿತ್ತು. ತಾನು ಹೇಳಬೇಕಾದದ್ದೂ ಅವನಿಗೆ ಗೊತ್ತಿತ್ತು. ನೀರು ಬೇಕಾದರೆ ಬಾಯಿ ತೆರೆಯುತ್ತಿದ್ದ, ಗಂಟಲ ಸೆರೆ ಉಬ್ಬುತ್ತಿತ್ತು, ಬರೀ ಗಾಳಿ ಹೊರಬರುತ್ತಿತ್ತು. ಆಮೇಲೆ ಸಿಟ್ಟಿನಿಂದ ಹೋಗಿ ತಾನೇ ನೀರು ತೆಗೆದುಕೊಳ್ಳುತ್ತಿದ್ದ. ಅವನ ಹೆಂಡತಿ ರೇಣುಕಾ ಊಟಕ್ಕೆ ಬಡಿಸುವಾಗ ಇನ್ನೊಂದು ರೊಟ್ಟಿ ಹಾಕಲೇ ಎಂದು ಕೇಳಿದರೆ ಒಂದು ಬೆರಳು ಎತ್ತುತ್ತಿದ್ದ. ಒಂದು ಬೆರಳಿನ ಸಂಸಾರವಾಯಿತು ಅವರದು.

ನಾನು ಅನ್ನಪೂರ್ಣಾ, ಅವನಿಗಿಂತ ಮೂರು ವರ್ಷ ದೊಡ್ಡವಳು, ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಯಾರು ಏನೇ ಹೇಳಲಿ, ಸಾಧಿಸಿ ತೋರಿಸಿ ಅನ್ನುವುದು ನನ್ನ ಚಾಳಿ. ಆದ್ದರಿಂದ ಧಾರವಾಡದ ಡಾಕ್ಟರ್ ಸುಮಿತ್ರಾ ಹೆಬ್ಬಳ್ಳಿಯವರು, ಹೋದ ಮಾತನ್ನು ಇನ್ನೊಂದು ದಾರಿಯಿಂದ ಕರೆತರಬಹುದು ಅಂದಾಗ ನಾನು ನಂಬದೆ ಕೈಕಟ್ಟಿ ಕುಳಿತೆ.

ಅವರ ಪ್ರಯೋಗಶಾಲೆಯಲ್ಲಿ ಒಂದು ಟೊಪ್ಪಿಗೆ ಇತ್ತು. ಒಳಗೆಲ್ಲ ಸಾಸಿವೆಯಷ್ಟು ಸಣ್ಣ ಗುಂಡಿಗಳು. ಮಿದುಳಿನ ಯಾವ ಯಾವ ಕೋಶಗಳು ಒಟ್ಟಿಗೆ ಎಚ್ಚರಾಗುತ್ತವೆಂದು ಅದು ನೋಡಿ ಗೋಡೆಯ ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತದೆ. ಅವು ಮತ್ತೆ ಮಲಗದ ಹಾಗೆ ಮೆಲ್ಲಗೆ ತಟ್ಟುತ್ತಿರುತ್ತದೆ. ಜೊತೆಗೆ ಸಲಾಯಿನ್ನಿನಲ್ಲಿ ಒಂದು ಔಷಧ. ಅದು ಒಳಗೆ ಹೋದ ಮೇಲೆ ನಲವತ್ತು ನಿಮಿಷ ಮಿದುಳು ಎಳೆ ಮಗುವಿನದರಂತೆ ಮೆತ್ತಗಿರುತ್ತದೆ, ಆಗ ಹೊಸ ದಾರಿ ಬೀಳುತ್ತದೆ. ಆದರೆ ದಾರಿ ಬೀಳಬೇಕಾದರೆ ಯಾರಾದರೂ ನಡೆಯಬೇಕಲ್ಲ? ಅದಕ್ಕೇ ರೋಗಿ ಬಾಲ್ಯದಲ್ಲಿ ಬಾಯಿಂದ ಸವೆಸಿದ ಯಾವುದಾದರೂ ಹಳೆಯ ಕಾಲುದಾರಿ ಬೇಕು. ಕೆಲವರಿಗೆ ಹಾಡು, ಕೆಲವರಿಗೆ ಪ್ರಾರ್ಥನೆ. ಬೈಗುಳದಿಂದ ಮಾತು ಮರಳಿದ ಒಬ್ಬ ಹಿರಿಯರೂ ಇದ್ದಾರಂತೆ. ಔಷಧವನ್ನು ಹನ್ನೆರಡು ಸಲ ಮಾತ್ರ ಕೊಡಬಹುದು. ಹದಿಮೂರನೆಯ ಸಲಕ್ಕೆ ಮಿದುಳು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹನ್ನೆರಡು ಭಾನುವಾರ, ಅಷ್ಟೇ.

ಆರು ಭಾನುವಾರಗಳನ್ನು ನಾವು ಹಾಳುಮಾಡಿದೆವು. ಊರುಗಳ ಹೆಸರಿನಿಂದ ಶುರುವಾಯಿತು; ಕೊಚ್ಚಿಹೋದದ್ದು ಅದೇ ಸೇತುವೆ, ಅಲ್ಲಿ ಒಂದು ಕಲ್ಲೂ ಉಳಿದಿರಲಿಲ್ಲ. ಪ್ರಾರ್ಥನೆ ಹೇಳಿಸಿದರು, ಟೊಪ್ಪಿಗೆಯ ಪರದೆ ಕಪ್ಪಗೇ ಉಳಿಯಿತು. ನಾನು ಹಟ ಹಿಡಿದು ಮಗ್ಗಿ ಹೇಳಿಸಿದೆ. ಏಳನೆಯ ಮಗ್ಗಿಗೆ ಅವನು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಹಾಡಂತೂ ಅವನು ಜನ್ಮದಲ್ಲಿ ಹಾಡಿದವನಲ್ಲ.

ಆರನೆಯ ಭಾನುವಾರ ಮುಗಿಸಿ ಬಂದ ಮರುದಿನ ರೇಣುಕಾ ಅಟ್ಟ ಸ್ವಚ್ಛ ಮಾಡಲು ನಮ್ಮ ಅವ್ವನ ಟ್ರಂಕು ಇಳಿಸಿದಳು. ಅದರಲ್ಲಿ ನನ್ನ ರಂಗೋಲಿ ನೋಟುಬುಕ್ಕು ಇತ್ತು, ಅದರ ಕೆಳಗೆ ಹಳೇ ಟಿ.ವಿ. ಗೇಮಿನ ಒಂದು ಕ್ಯಾಸೆಟ್ಟು. ಪಂಚಾಕ್ಷರಿ ಆ ನೋಟುಬುಕ್ಕನ್ನು ಎಡಗೈಯಿಂದ ಕಸಿದುಕೊಂಡು ಎದೆಗೆ ಹಿಡಿದ. ಊಟಕ್ಕೆ ಕರೆದರೂ ಬಿಡಲಿಲ್ಲ.

ಮುಂಬಯಿಯ ನಮ್ಮ ಸೋದರಮಾವ ಯಾರಿಂದಲೋ ಸೆಕೆಂಡ್ ಹ್ಯಾಂಡಿನಲ್ಲಿ ತಂದುಕೊಟ್ಟಿದ್ದ ಆಟ ಅದು. ನನಗಾಗ ಹದಿಮೂರು, ಅವನಿಗೆ ಹತ್ತು. ಆಟದ ತುಂಬ ಜಪಾನಿ ಅಕ್ಷರ, ನಮಗೆ ಒಂದೂ ಓದಲು ಬರುತ್ತಿರಲಿಲ್ಲ. ನಾಲ್ಕು ಜನ ವೀರರು ಒಂದು ಕೋಟೆಯ ಕೆಳಗಿನ ನೆಲಮಾಳಿಗೆಗೆ ಇಳಿಯುತ್ತಾರೆ. ಕವಲುದಾರಿಗಳು, ಬೀಗಗಳು, ಪೆಟ್ಟಿಗೆಗಳು. ಹೆಜ್ಜೆ ಹೆಜ್ಜೆಗೂ ಯಾವುದಾದರೊಂದು ಪಿಶಾಚಿ ಎದ್ದು ಬಂದು ಸರದಿಯ ಪ್ರಕಾರ ಹೊಡೆದಾಡುತ್ತದೆ. ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ ಕೋಲು ಹಿಡಿದ ನಾಲ್ಕು ಕೈಗಳ ರಾಕ್ಷಸ. ನಾವೇ ಎಲ್ಲರಿಗೂ ಹೆಸರಿಟ್ಟಿದ್ದೆವು. ಕತ್ತಿಯವನು ಭೀಮ, ಗಾಯ ಮಾಯಿಸುವವಳು ನರ್ಸಮ್ಮ, ಮಂತ್ರ ಹಾಕುವವನು ಗಡ್ಡದಜ್ಜ, ಬೀಗ ತೆಗೆಯುವವನು ಕಳ್ಳ. ಹಸಿರು ಬಾಟಲಿಗೆ ಕಷಾಯ. ಕೋಲಿನ ರಾಕ್ಷಸನಿಗೆ ಪಂಚಾಕ್ಷರಿ ಇಟ್ಟ ಹೆಸರು ಲೆಕ್ಕದ ಮಾಸ್ತರ. ಮುಂದೆ ನಾನೇ ಲೆಕ್ಕದ ಮಾಸ್ತರಾದಾಗ ಅವನು ಒಂದು ವಾರ ನಕ್ಕಿದ್ದ.

ದೊಡ್ಡವಳೆಂಬ ಹಕ್ಕಿನಿಂದ ರಿಮೋಟು ಯಾವಾಗಲೂ ನನ್ನ ಕೈಯಲ್ಲಿ. ಅವನಿಗೆ ದಾರಿ ಹೇಳುವ ಕೆಲಸ. ನನ್ನ ರಂಗೋಲಿ ಪುಸ್ತಕದ ಚುಕ್ಕಿಗಳ ಮೇಲೆ ಅವನು ಇಡೀ ನೆಲಮಾಳಿಗೆಯ ನಕ್ಷೆ ಬರೆದಿದ್ದ, ಒಂದು ಚುಕ್ಕಿಗೆ ಒಂದು ಹೆಜ್ಜೆ. ಕ್ಯಾಸೆಟ್ಟಿನೊಳಗಿನ ಬ್ಯಾಟರಿ ಸತ್ತಿದ್ದರಿಂದ ಆಟ ಉಳಿಸಲು ಬರುತ್ತಿರಲಿಲ್ಲ, ಪ್ರತಿ ಭಾನುವಾರ ಮೊದಲಿನಿಂದ ಶುರು. ಬಲ ಮೂರು, ಮೇಲೆ ಎರಡು, ಪೆಟ್ಟಿಗೆ ತೆಗಿ, ಕೆಳಗೆ ಐದು ಎಂದು ಅವನು ಕೂಗುತ್ತಿದ್ದ, ನಾನು ಒತ್ತುತ್ತಿದ್ದೆ. ಎರಡು ವರ್ಷದ ಭಾನುವಾರಗಳು. ಅವನು ಕೂಗುವುದನ್ನು ಕಲಿತದ್ದೇ ಅಲ್ಲಿ. ಮಾಸ್ತರನನ್ನು ಮಾತ್ರ ಒಮ್ಮೆಯೂ ಗೆಲ್ಲಲಿಲ್ಲ. ಎಷ್ಟು ಹೊಡೆದರೂ ಅವನ ಆಯುಷ್ಯದ ಗೆರೆ ಮತ್ತೆ ತುಂಬಿಕೊಳ್ಳುತ್ತಿತ್ತು.

ನೋಟುಬುಕ್ಕು ನೋಡಿ ಡಾಕ್ಟರ್ ಕುರ್ಚಿಯಿಂದ ಎದ್ದರು. ಅವರ ಎಂಜಿನಿಯರು ಇಮ್ತಿಯಾಜ್ ಎಂಬ ಹುಬ್ಬಳ್ಳಿಯವರು ನಾಲ್ಕೇ ದಿನದಲ್ಲಿ ಆ ಕ್ಯಾಸೆಟ್ಟಿಗೆ ಜೀವ ತುಂಬಿದರು. ಅಕ್ಷರಗಳನ್ನು ಕನ್ನಡಕ್ಕೆ ತಿರುಗಿಸಿಕೊಡಲೇ, ಗೆಲ್ಲುವ ಉಪಾಯ ಹುಡುಕಿಡಲೇ ಎಂದು ಕೇಳಿದರು. ಡಾಕ್ಟರ್ ಎರಡಕ್ಕೂ ಒಪ್ಪಲಿಲ್ಲ. ದಾರಿ ಇದ್ದ ಹಾಗೇ ಇರಬೇಕು, ಒಂದು ಚುಕ್ಕಿ ಹೆಚ್ಚುಕಡಿಮೆಯಾಗಬಾರದು. ನಾವು ಉಪಾಯ ಹೇಳಿಕೊಟ್ಟರೆ ಅದು ನಮ್ಮ ಮಾತಾಗುತ್ತದೆ, ಅವರದಲ್ಲ ಎಂದರು.

ಏಳನೆಯ ಭಾನುವಾರ. ತಮ್ಮನ ತಲೆಗೆ ಟೊಪ್ಪಿಗೆ, ಕೈಗೆ ಸಲಾಯಿನ್, ನನ್ನ ಕೈಗೆ ರಿಮೋಟು. ಐವತ್ತೈದು ದಾಟಿದ ಹೆಂಗಸು ಬಾಯಿಬಿಟ್ಟುಕೊಂಡು ಟಿ.ವಿ. ಗೇಮಿನ ಮುಂದೆ ಕುಳಿತದ್ದನ್ನು ನನ್ನ ವಿದ್ಯಾರ್ಥಿಗಳು ನೋಡಬಾರದಿತ್ತು. ಪೀಂ ಪೀಂ ಎಂದು ಆ ಹಳೇ ಸಂಗೀತ ಶುರುವಾಯಿತು, ಕೋಟೆಯ ಬಾಗಿಲು ತೆರೆಯಿತು. ನಾನು ಕಾದೆ. ಒಂದು ನಿಮಿಷ ಹೋಯಿತು. ಇದೂ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೇ ಎಂದುಕೊಳ್ಳುವಷ್ಟರಲ್ಲಿ ನನ್ನ ಪಕ್ಕದಿಂದ ಒಂದು ಸ್ವರ ಬಂತು.

“ಬಲ ಮೂರು.”

ಗೋಡೆಯ ಮೇಲಿನ ಪರದೆಯಲ್ಲಿ ಅವನ ಮಿದುಳಿನ ಬಲಭಾಗದ ಒಂದು ಗೆರೆ ಬೆಳಗಿತು. ಐದು ತಿಂಗಳ ಮೇಲೆ ಕೇಳಿದ ಧ್ವನಿ ಅದು. ನನಗೆ ಗುಂಡಿ ಒತ್ತುವುದೇ ಮರೆತುಹೋಯಿತು. ಅವನು ಮೊಣಕೈಯಿಂದ ತಿವಿದು, “ಮ್ಯಾಲ ಎರಡು” ಎಂದ. ಹಿಂದೆ ಕುಳಿತಿದ್ದ ರೇಣುಕಾ ಸೆರಗು ಬಾಯಿಗೊತ್ತಿಕೊಂಡು ಅತ್ತುಬಿಟ್ಟಳು.

ಆ ದಿನ ಮೂರು ಅಂತಸ್ತು ಇಳಿದೆವು. ಅವನು ಪ್ರತಿ ಹೆಜ್ಜೆ ಕೂಗಿದ, ಒಂದೂ ತಪ್ಪಲಿಲ್ಲ. ಸಂಭ್ರಮದಿಂದ ಕಾರು ಹತ್ತಿದೆವು. ಅಣ್ಣಿಗೇರಿ ದಾಟುವಾಗ ರೇಣುಕಾ ಏನೋ ಕೇಳಿದಳು. ಅವನು ಬಾಯಿ ತೆರೆದ. ಬರೀ ಗಾಳಿ. ಮನೆಗೆ ಬಂದು ಬಡಿಸುವಾಗ ಮತ್ತೆ ಒಂದು ಬೆರಳು.

ಮುಂದಿನ ವಾರಗಳೂ ಹಾಗೇ. ನೆಲಮಾಳಿಗೆಯಲ್ಲಿ ಹುಲಿ, ಮನೆಯಲ್ಲಿ ಮೂಕ. ಬುಧವಾರ ಸಂಜೆ ಅವನೊಬ್ಬನೇ ಬಸ್ ನಿಲ್ದಾಣಕ್ಕೆ ಹೋಗಿ ಬೆಂಚಿನ ಮೇಲೆ ಕೂತುಬರಲು ಶುರುಮಾಡಿದ. ಈಗ ಅಲ್ಲಿ ಯಂತ್ರ ಕೂಗುತ್ತದೆ. ಸ್ಪಷ್ಟವಾಗಿಯೇ ಕೂಗುತ್ತದೆ, ಸುಳ್ಳು ಹೇಳಬಾರದು. ಆದರೆ ಒಂದು ದಿನ ನಾನು ಅವನನ್ನು ಕರೆದುಕೊಂಡು ಬರಲು ಹೋದಾಗ ಅವನ ತುಟಿಗಳು ಯಂತ್ರದ ಜೊತೆ ಸದ್ದಿಲ್ಲದೆ ಆಡುತ್ತಿದ್ದವು. ನಾನು ಕಂಬದ ಮರೆಗೆ ನಿಂತು ಕಣ್ಣೊರೆಸಿಕೊಂಡು ಆಮೇಲೆ ಹತ್ತಿರ ಹೋದೆ.

ಹನ್ನೊಂದನೆಯ ಭಾನುವಾರ ಮಾಸ್ತರನವರೆಗೂ ಹೋದೆವು. ಹೊಡೆದೆವು, ಗೆರೆ ತುಂಬಿಕೊಂಡಿತು, ನಮ್ಮ ನಾಲ್ವರೂ ಒಬ್ಬೊಬ್ಬರಾಗಿ ಮಲಗಿದರು. ಅವತ್ತು ಡಾಕ್ಟರ್ ನನ್ನನ್ನು ಹೊರಗೆ ಕರೆದರು.

“ಇದು ಗಿಳಿಪಾಠ ಅದ ಮೇಡಂ,” ಅಂದರು. “ಹಳೇ ದಾರಿ ತೆರೀತು, ಖರೆ. ಆದ್ರ ಅದರೊಳಗ ಒಮ್ಮೆನಾದ್ರೂ ಹೊಸಾ ಮಾತು ನಡೀಬೇಕು. ನಕ್ಷಾದಾಗ ಇಲ್ಲದ್ದು. ಅವರಿಗೆ ಹೇಳಲೇಬೇಕು ಅನಿಸಿ ಹೇಳಿದ್ದು. ಹಂಗ ಒಂದು ಮಾತು ಬಂದ್ರ ದಾರಿ ಅವರದಾಗ್ತದ. ಇಲ್ಲಾಂದ್ರ ಮುಂದಿನ ವಾರಕ್ಕ ಮುಗೀತು.”

ಹೊಸ ಮಾತನ್ನು ಎಲ್ಲಿಂದ ತರುವುದು? ಆ ನೆಲಮಾಳಿಗೆಯಲ್ಲಿ ನಮಗೆ ತಿಳಿಯದ ಚುಕ್ಕಿಯೇ ಇರಲಿಲ್ಲ. ಒಂದು ವಾರ ನಾನು ಪಾಠ ಮಾಡಿದ್ದು ಮಕ್ಕಳಿಗೆ ತಿಳಿಯಿತೋ ಇಲ್ಲವೋ, ನನಗಂತೂ ತಿಳಿಯಲಿಲ್ಲ.

ಹನ್ನೆರಡನೆಯ ಭಾನುವಾರ ಟೊಪ್ಪಿಗೆ ತೊಡಿಸಿದರು. ಅವನು ಕೂಗಿದ, ನಾನು ಒತ್ತಿದೆ. ಮೊದಲ ಅಂತಸ್ತು, ಎರಡನೆಯದು, ಬೀಗ, ಪೆಟ್ಟಿಗೆ, ಪಿಶಾಚಿಗಳು. ಇಪ್ಪತ್ತೈದು ನಿಮಿಷಕ್ಕೆ ಮೂರನೆಯ ಅಂತಸ್ತಿನ ದೊಡ್ಡ ಸಭಾಂಗಣಕ್ಕೆ ಬಂದೆವು.

ಆ ಸಭಾಂಗಣದ ನಡುವೆ ಕೈಯೆತ್ತಿ ನಿಂತ ಒಂದು ಕಲ್ಲಿನ ಮೂರ್ತಿ ಇದೆ. ಹದಿಮೂರನೆಯ ವಯಸ್ಸಿನಲ್ಲಿ ನಾನು ಅದನ್ನು ದೇವರೆಂದು ತೀರ್ಮಾನಿಸಿದ್ದೆ. ನಮ್ಮ ಆಟದಲ್ಲಿ ಆ ಮೂರ್ತಿಗೆ ಬಲಗಡೆಯಿಂದ ಮೂರು ಪ್ರದಕ್ಷಿಣೆ ಕಡ್ಡಾಯ. ಒಂದು ಸುತ್ತು ಮುಗಿದಾಗಲೊಮ್ಮೆ ಟಣ್ ಎಂದು ಗಂಟೆ ಬಾರಿಸಿದ ಸದ್ದು ಬರುತ್ತಿತ್ತು, ದೇವರು ಒಲಿದ ಎಂದು ನಾನು ಕೈಮುಗಿಯುತ್ತಿದ್ದೆ. ಮೂರನೆಯ ಗಂಟೆಗೆ ಕೆಳಗಿನ ಬಾಗಿಲು ತೆರೆಯುತ್ತಿತ್ತು. ಅದು ಅವನ ನಕ್ಷೆಯಲ್ಲೂ ಹಾಗೇ ಬರೆದಿದೆ: ಬಲಕ್ಕೆ ಸುತ್ತು ಮೂರು.

ಅವನು ಕೂಗಲಿಲ್ಲ.

ನಾನು ತಿರುಗಿ ನೋಡಿದೆ. ಅವನ ಕಣ್ಣು ಮೂರ್ತಿಯ ಮೇಲೆ ನೆಟ್ಟಿತ್ತು, ಹಣೆಯ ತುಂಬ ಬೆವರು. ಗಂಟಲ ಸೆರೆ ಉಬ್ಬಿತು, ಬಾಯಿಂದ ಗಾಳಿ ಬಂತು. ಗೋಡೆಯ ಪರದೆಯಲ್ಲಿ ಬೆಳಗುತ್ತಿದ್ದ ಗೆರೆ ಮಿನುಗಿ ಆರಿತು. ಮರೆತನೆಂದುಕೊಂಡೆ. ಸಹಾಯ ಮಾಡೋಣವೆಂದು ನನ್ನ ಹೆಬ್ಬೆರಳು ತಾನಾಗಿಯೇ ಬಲದ ಗುಂಡಿಯ ಮೇಲೆ ಹೋಯಿತು. ಅವನು ಸೋತ ಬಲಗೈಯನ್ನು ಎಳೆದು ತಂದು ನನ್ನ ಕೈಮೇಲಿಟ್ಟು ಒತ್ತಿ ಹಿಡಿದ.

“ಎ,” ಅಂದ. ಮತ್ತೆ ಉಸಿರೆಳೆದುಕೊಂಡ. “ಎಡಕ್ಕ.”

ಡಾಕ್ಟರ್ ಪರದೆಯ ಹತ್ತಿರ ಸರಿದರು. ಹೊಸ ಮಾತಿಗಾಗಿ ವಾರವಿಡೀ ಹಂಬಲಿಸಿದ ನಾನು ಆಗ ಏನು ಮಾಡಬೇಕಿತ್ತು? ಕುಣಿಯಬೇಕಿತ್ತು. ನನ್ನ ಬಾಯಿಂದ ಬಂದದ್ದೇ ಬೇರೆ.

“ದೇವರಿಗೆ ಎಡಕ್ಕ ಸುತ್ತತಾರೇನೋ?”

ಹೇಳಿದ ಕೂಡಲೇ ನೆನಪಾಯಿತು. ಇದೇ ಮಾತನ್ನು ನಾನು ಒಮ್ಮೆ ಆಡಿದ್ದೆ. ಹತ್ತು ವರ್ಷದ ಪಂಚಾಕ್ಷರಿ ಇದೇ ಜಾಗದಲ್ಲಿ, ಅಕ್ಕಾ ಒಮ್ಮೆ ಎಡಕ್ಕೆ ಹೋಗಿ ನೋಡೋಣ ಎಂದಿದ್ದ. ಆಗ ಈ ಮಾತಿನ ಜೊತೆ ಅವನ ತಲೆಗೆ ಒಂದು ಮೊಟಕೂ ಬಿದ್ದಿತ್ತು. ಆಮೇಲೆ ಅವನು ಎಂದೂ ಕೇಳಿರಲಿಲ್ಲ. ನಲವತ್ತು ವರ್ಷ ಅವನ ಒಳಗೆ ಆ ಮಾತು ಕೂತೇ ಇತ್ತು. ಹೇಳಲೇಬೇಕಾದ ಮಾತನ್ನು ನಾವು ಊರೆಲ್ಲ ಹುಡುಕಿದ್ದೆವು, ಅದನ್ನು ಮೊಟಕಿ ಒಳಗೆ ಕೂರಿಸಿದವಳು ನಾನೇ.

“ಅದು ದೇವರಲ್ಲ,” ಅಂದ ನನ್ನ ತಮ್ಮ. ಒಂದೊಂದೇ ಅಕ್ಷರವನ್ನು ಬಾವಿಯಿಂದ ಸೇದಿದ ಹಾಗೆ ಎಳೆದು ತಂದ. “ಎಡಕ್ಕ ನಡಿ.”

ನಾನು ನಡೆದೆ. ಮನಸ್ಸಿನಲ್ಲೇ ದೇವರಿಗೆ ತಪ್ಪಾಯಿತೆಂದು ಹೇಳಿ, ಎಡಗಡೆಯಿಂದ ಒಂದು ಸುತ್ತು ಬಂದೆ. ಗಂಟೆಯ ಸದ್ದು ಬರಲಿಲ್ಲ. ಎರಡನೆಯ ಸುತ್ತಿಗೆ ಮೂರ್ತಿಯ ಒಂದು ಕೈ ಕಳಚಿ ಬಿತ್ತು. ಮೂರನೆಯದಕ್ಕೆ ಇಡೀ ಕಲ್ಲು ಪುಡಿಯಾಗಿ, ಅದರ ಕೆಳಗೆ ಇದುವರೆಗೂ ನಾವು ಕಾಣದ ಒಂದು ಮೆಟ್ಟಿಲು ಕಂಡಿತು. ಇಮ್ತಿಯಾಜರು ತಮ್ಮ ಮೇಜಿನಿಂದ ಎದ್ದು ಬಂದು ನಮ್ಮ ಹಿಂದೆ ನಿಂತರು. ಗೋಡೆಯ ಪರದೆಯಲ್ಲಿ ಒಂದು ಗೆರೆ ಇದ್ದಲ್ಲಿ ಮೂರು ನಾಲ್ಕು ಕವಲೊಡೆದಿದ್ದವು.

ಇನ್ನು ಹನ್ನೊಂದು ನಿಮಿಷ ಉಳಿದಿದೆ ಎಂದು ಡಾಕ್ಟರ್ ಹೇಳಿದರು.

ಮೆಟ್ಟಿಲು ಇಳಿದರೆ ಮಾಸ್ತರನ ಕೋಣೆಯ ಹಿಂಬಾಗಿಲು. ಅವನು ಬೆನ್ನು ಹಾಕಿ ನಿಂತಿದ್ದ. ಭೀಮನಿಂದ ಮೊದಲ ಏಟು ಹಾಕಿಸಿದೆ. ಗೆರೆ ಇಳಿಯಿತು. ಎಂದಿನಂತೆ ತುಂಬಿಕೊಳ್ಳುವುದನ್ನು ಕಾದೆ. ತುಂಬಲಿಲ್ಲ. ಪಂಚಾಕ್ಷರಿ ನನ್ನ ಮುಖ ನೋಡಿದ, ನಾನು ಅವನ ಮುಖ ನೋಡಿದೆ. ಹತ್ತು ಮತ್ತು ಹದಿಮೂರರ ಇಬ್ಬರು ಮಕ್ಕಳು ಆ ಕೋಣೆಯಲ್ಲಿ ಹಲ್ಲು ಕಿಸಿದರು.

ಅರ್ಧ ಆಯುಷ್ಯ ಇಳಿದಾಗ ಮಾಸ್ತರ ಕೋಲು ಎಸೆದು ನಾಲ್ಕೂ ಕೈಗಳಲ್ಲಿ ಕತ್ತಿ ಹಿಡಿದ. ಇಲ್ಲಿಯವರೆಗೆ ನಾವು ಎಂದೂ ಬಂದವರಲ್ಲ, ಇದು ಯಾವ ನಕ್ಷೆಯಲ್ಲೂ ಇಲ್ಲ. ಒಂದೇ ಏಟಿಗೆ ಕಳ್ಳ ಸತ್ತ, ಭೀಮನ ಉಸಿರು ಕೊನೆಗೆ ಬಂತು. ನಾನು ಯಾವತ್ತೂ ಒತ್ತುವವಳು, ಯೋಚಿಸುವವಳಲ್ಲ.

“ಕಷಾಯ,” ಅಂದ ಪಂಚಾಕ್ಷರಿ. “ಭೀಮಗ ಬ್ಯಾಡ. ನರ್ಸಮ್ಮಗ.”

ಅದು ಸರಿಯಾಯಿತು. ನರ್ಸಮ್ಮ ಉಳಿದಳು, ಅವಳು ಭೀಮನನ್ನು ಎಬ್ಬಿಸಿದಳು. ಗಡ್ಡದಜ್ಜನ ಬೆಂಕಿ ಈಗ ಮಾಸ್ತರನಿಗೆ ತಾಗುತ್ತಿರಲಿಲ್ಲ. ಅಜ್ಜನಿಂದ ಮಂಜು ಹಾಕಿಸು ಎಂದ. ಕತ್ತಿಗಳು ಹೆಪ್ಪುಗಟ್ಟಿದವು. ಈಗ ಹೊಡಿ ಎಂದ. ಈಗ ನಿಲ್ಲು, ತಡಿ ಎಂದ. ಹೇಳುವ ಮಾತು ತಡವರಿಸುತ್ತಿತ್ತು, ನಡುನಡುವೆ ಮುರಿಯುತ್ತಿತ್ತು, ಆದರೆ ಪ್ರತಿ ಮಾತೂ ಆ ಕ್ಷಣಕ್ಕೆ ಹುಟ್ಟಿದ ಮಾತು. ಹಿಂದಿನಿಂದ ಇಮ್ತಿಯಾಜರು, ಹಾಕ್ರೀ ಅಕ್ಕಾರ ಹಾಕ್ರಿ ಎಂದು ನನ್ನ ಕುರ್ಚಿ ಅಲ್ಲಾಡಿಸುತ್ತಿದ್ದರು. ಎರಡು ನಿಮಿಷ ಉಳಿದಾಗ ಭೀಮ ಕೊನೆಯ ಏಟು ಹಾಕಿದ. ಲೆಕ್ಕದ ಮಾಸ್ತರ ಮೊಣಕಾಲೂರಿದ, ಮಿಣಮಿಣ ಮಿನುಗಿದ, ಇಲ್ಲವಾದ.

ಗೆಲುವಿನ ಸಂಗೀತ ಬಂತು. ನಲವತ್ತು ವರ್ಷದಿಂದ ಅದು ಆ ಕ್ಯಾಸೆಟ್ಟಿನೊಳಗೆ ನಮಗಾಗಿ ಕಾದಿತ್ತು, ನಾವು ಕೇಳಿಯೇ ಇರಲಿಲ್ಲ. ಪರದೆಯ ತುಂಬ ಜಪಾನಿ ಅಕ್ಷರಗಳು ಮೇಲೇರಿದವು. ಏನು ಬರೆದಿದೆಯೋ ಇವತ್ತಿಗೂ ನನಗೆ ಗೊತ್ತಿಲ್ಲ. ಶಹಭಾಸ್ ಎಂದೇ ಇರಬೇಕು.

ಇಮ್ತಿಯಾಜರು ಕ್ಯಾಸೆಟ್ಟಿನ ಒಳಗಿನ ಲೆಕ್ಕಾಚಾರವನ್ನು ತಮ್ಮ ಕಂಪ್ಯೂಟರಿನಲ್ಲಿ ಬಿಡಿಸಿ ನೋಡಿ ಒಂದು ವಿಷಯ ಹೇಳಿದರು. ಹೇಳುವಾಗ ಅವರಿಗೆ ನಗು ತಡೆಯಲಾಗಲಿಲ್ಲ. ಬಲಕ್ಕೆ ಹಾಕಿದ ಒಂದೊಂದು ಸುತ್ತಿಗೂ ಆ ಮೂರ್ತಿ ರಾಕ್ಷಸನ ಗಾಯ ಮಾಯುವ ಶಕ್ತಿಯನ್ನು ಹೆಚ್ಚಿಸುತ್ತಿತ್ತಂತೆ. ಆ ಗಂಟೆ ಅದರ ಸದ್ದು. ಎರಡು ವರ್ಷದ ಭಾನುವಾರಗಳಲ್ಲಿ ನಾನು ಭಕ್ತಿಯಿಂದ ಕೈಮುಗಿದು ಮಾಸ್ತರನಿಗೆ ಟಾನಿಕ್ ಕುಡಿಸುತ್ತಿದ್ದೆ.

ಆದರೆ ನಗಲು ಇನ್ನೂ ಹೆದರಿಕೆ. ಟೊಪ್ಪಿಗೆ ತೆಗೆದರು, ಸಲಾಯಿನ್ ಬಿಚ್ಚಿದರು. ನಾವೆಲ್ಲ ಅವನ ಬಾಯನ್ನೇ ನೋಡುತ್ತ ನಿಂತೆವು. ಅವನು ನೀರು ಕುಡಿದು ಕಣ್ಣು ಮುಚ್ಚಿದ. ಒತ್ತಾಯ ಮಾಡಬೇಡಿ, ದಣಿದಿದ್ದಾರೆ ಎಂದರು ಡಾಕ್ಟರ್. ಕಾರಿನಲ್ಲಿ ಗದಗದವರೆಗೂ ಮಲಗಿದ್ದ. ಅಣ್ಣಿಗೇರಿ ದಾಟುವಾಗ ನಾನೂ ರೇಣುಕಾಳೂ ಕನ್ನಡಿಯಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡೆವು, ಏನೂ ಕೇಳಲಿಲ್ಲ.

ಮನೆಗೆ ಬಂದಾಗ ಮಧ್ಯಾಹ್ನ ಮೂರು ಗಂಟೆ. ರೇಣುಕಾ ಬೆಳಿಗ್ಗೆಯೇ ಬಡಿದಿಟ್ಟ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು ತಂದಿಟ್ಟಳು. ಅವನು ಒಂದು ರೊಟ್ಟಿ ತಿಂದು ಮುಗಿಸಿದ. ಕೈಯಲ್ಲಿ ಬುಟ್ಟಿ ಹಿಡಿದು ಅವಳು ಎಂದಿನಂತೆ, ಇನ್ನೊಂದು ಹಾಕಲೇನ್ರೀ ಎಂದಳು. ನಾನು ತಟ್ಟೆ ನೋಡುತ್ತ ಕುಳಿತೆ. ಬೆರಳು ಏಳುವುದನ್ನು ನೋಡುವ ಧೈರ್ಯ ಇರಲಿಲ್ಲ.

“ಎರಡು ಹಾಕು,” ಅಂದ.

ಟೊಪ್ಪಿಗೆ ಇಲ್ಲ, ಔಷಧ ಇಲ್ಲ, ನೆಲಮಾಳಿಗೆ ಇಲ್ಲ. ರೇಣುಕಾ ಎರಡಲ್ಲ, ಬುಟ್ಟಿಯಲ್ಲಿದ್ದ ಅಷ್ಟೂ ರೊಟ್ಟಿಯನ್ನು ಅವನ ತಟ್ಟೆಗೆ ಹಾಕಿ ಅಲ್ಲೇ ಕುಸಿದು ಕುಳಿತು ಜೋರಾಗಿ ಅತ್ತಳು. ನಾನೂ ಅತ್ತೆ, ನಾಚಿಕೆಯಿಲ್ಲದೆ ಅತ್ತೆ. ಅವನು ನಮ್ಮಿಬ್ಬರನ್ನೂ ನೋಡುತ್ತ ನಿಧಾನವಾಗಿ ಅಗಿದು ನುಂಗಿದ. ಏನೋ ಹೇಳಲು ಹವಣಿಸುತ್ತಿದ್ದಾನೆಂದು ಗೊತ್ತಾಗಿ ನಾನು ಅಳು ತಡೆದುಕೊಂಡೆ. ಮೈಕಿನ ಮುಂದೆ ಕೂತವನಂತೆ ಬೆನ್ನು ನೆಟ್ಟಗೆ ಮಾಡಿ, ಗಂಟಲು ಸರಿಪಡಿಸಿಕೊಂಡ.

“ಅಕ್ಕಾ,” ಅಂದ. “ಆವತ್ತ... ನಾ ಹೇಳಿದ್ದ ಸರಿ ಇತ್ತು.”

ನಾನು ಎದ್ದು ಹೋಗಿ ಅವನ ಮುಂದೆ ತಲೆ ಬಗ್ಗಿಸಿ ಕುಳಿತೆ. ಅವನು ಪಲ್ಯದ ಕೈಯಿಂದಲೇ ಒಂದು ಮೊಟಕು ಕೊಟ್ಟ.